ಸೆಕೆಂಡ್ ಹ್ಯಾಂಡ್ ಇವಿ: ಬ್ಯಾಟರಿ ಖರ್ಚು ಯಾರ ತಲೆಗೆ?

ಟಾಟಾ ನೆಕ್ಸಾನ್ ಇವಿ ಮಾರುಕಟ್ಟೆಗೆ ಬಂದದ್ದು 2020ರ ಜನವರಿಯಲ್ಲಿ. ಬ್ಯಾಟರಿ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಯಾವುದು ಮೊದಲೋ ಅದು. ಅಂದರೆ 2028ರಿಂದ ಆ ಮೊದಲ ಕಾರುಗಳು ಒಂದೊಂದಾಗಿ ವಾರಂಟಿಯಿಂದ ಹೊರಬೀಳುತ್ತವೆ. ಹೆಚ್ಚು ಓಡಿದವು ಅದಕ್ಕೂ ಮೊದಲೇ. ಆಗ ಅವನ್ನು ಕೊಳ್ಳೋರು ಯಾರು? ಹೊಸ ಇವಿಗೆ ದುಡ್ಡು ಸಾಲದವರು.

ಪೆಟ್ರೋಲ್ ಕಾರು ಹಳೆಯದಾದರೆ ಇವತ್ತು ಕ್ಲಚ್, ನಾಳೆ ಸಸ್ಪೆನ್ಷನ್ ಅಂತ ಖರ್ಚು ಕಂತುಕಂತಾಗಿ ಬರುತ್ತೆ. ಇವಿಯಲ್ಲಿ ಅಂಥ ಸಣ್ಣ ಖರ್ಚು ಕಮ್ಮಿ. ಆದರೆ ಇಡೀ ಬ್ಯಾಟರಿ ಪ್ಯಾಕ್ ಬದಲಿಸಬೇಕಾಗಿ ಬಂದರೆ ಬಿಲ್ ಲಕ್ಷಗಳಲ್ಲಿ.

ಹಾಗಂತ ಎಂಟು ವರ್ಷಕ್ಕೆ ಬ್ಯಾಟರಿ ಸತ್ತೇ ಹೋಗುತ್ತೆ ಅಂತಲ್ಲ. ಸಾಮಾನ್ಯವಾಗಿ ಅದು ನಿಧಾನವಾಗಿ ಸವೆಯುತ್ತೆ. ಸಮಸ್ಯೆ ಏನಂದ್ರೆ, ಅಷ್ಟೇ ವರ್ಷ, ಅಷ್ಟೇ ಕಿಲೋಮೀಟರ್ ಓಡಿದ ಎರಡು ಕಾರುಗಳ ಬ್ಯಾಟರಿ ಒಂದೇ ಥರ ಇರಬೇಕಿಲ್ಲ. ಒಂದು ಮನೆಯಲ್ಲಿ ನಿಧಾನವಾಗಿ ಚಾರ್ಜ್ ಆಗಿರುತ್ತೆ. ಇನ್ನೊಂದು ಕಲಬುರಗಿಯ ಬಿಸಿಲಲ್ಲಿ ದಿನಾ ಫಾಸ್ಟ್ ಚಾರ್ಜರ್‌ಗೆ ಬಿದ್ದಿರುತ್ತೆ. ಓಡೋಮೀಟರ್ ಇದನ್ನು ಹೇಳಲ್ಲ.

ಸರ್ಕಾರ ಏನು ಮಾಡಿತು? ಡೀಲರ್‌ಗಳು ಹಳೇ ಇವಿ ಮಾರಿದಾಗ ಬರುವ ಲಾಭದ ಮೇಲಿನ ತೆರಿಗೆಯನ್ನು 12ರಿಂದ 18%ಕ್ಕೆ ಏರಿಸಲು ಜಿಎಸ್‌ಟಿ ಮಂಡಳಿ 2024ರ ಡಿಸೆಂಬರ್‌ನಲ್ಲಿ ಶಿಫಾರಸು ಮಾಡಿತು. ಮಾರಾಟದಲ್ಲಿ ಪಾಲು ಬೇಕು, ಕೊಳ್ಳುವವರ ರಕ್ಷಣೆ ಬೇಡವೇ? ಐರೋಪ್ಯ ಒಕ್ಕೂಟದ 2023ರ ಬ್ಯಾಟರಿ ಕಾನೂನು, ಬ್ಯಾಟರಿಯ ಆರೋಗ್ಯದ ಮಾಹಿತಿ ಕೊಂಡವರಿಗೆ ಸಿಗಲೇಬೇಕು ಅನ್ನುತ್ತೆ. ನಮ್ಮಲ್ಲೂ ಆರ್‌ಟಿಒದಲ್ಲಿ ಮಾಲೀಕರ ಹೆಸರು ಬದಲಿಸುವಾಗ ಬ್ಯಾಟರಿ ಪ್ರಮಾಣಪತ್ರ ಕಡ್ಡಾಯವಾಗಲಿ.

ಅಲ್ಲಿಯವರೆಗೆ, ಬಣ್ಣ, ಟೈರು ಆಮೇಲೆ ನೋಡಿ. ಸರ್ವೀಸ್ ಸೆಂಟರ್‌ನ ಬ್ಯಾಟರಿ ವರದಿ ಕೈಗೆ ಬರದೆ ಅಡ್ವಾನ್ಸ್ ಕೊಡಬೇಡಿ.