ನಾರಾದ ಜಿಂಕೆ, ಬಂಕಾಪುರದ ನವಿಲು

ಮೊದಲ ಸಲ ಜಪಾನಿಗೆ ಹೊರಡುವವರ ಕೈಯಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ. ಟೋಕಿಯೋ ನಗರದ ದೀಪಗಳು, 3776 ಮೀಟರು ಎತ್ತರದ ಫೂಜಿ ಪರ್ವತ, ಕ್ಯೋಟೋದ ದೇವಾಲಯಗಳು, ನಾರಾದ ಜಿಂಕೆಗಳು. ಇವಿಷ್ಟನ್ನು ನೋಡದೆ ಮರಳಿದವನು ಜಪಾನನ್ನು ನೋಡಿಯೇ ಇಲ್ಲವೆಂದು ಹೋಗಿ ಬಂದವರು ಹೇಳುತ್ತಾರೆ. ಅದೇ ಪ್ರವಾಸಿ ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿಯ ಬೀಗರ ಮನೆಗೆ ಮೊದಲ ಸಲ ಬಂದಿಳಿದನೆನ್ನಿ. ಊಟ ಮುಗಿದು ಎಲೆ-ಅಡಿಕೆಗೆ ಕುಳಿತಾಗ, ಸುತ್ತಮುತ್ತ ನೋಡತಕ್ಕ ಸ್ಥಳಗಳು ಯಾವುವೆಂದು ಅವನು ಕೇಳಿದರೆ ಮನೆಯ ಹಿರಿಯರು ನಕ್ಕುಬಿಡುತ್ತಾರೆ. "ನಮ್ಮ ಕಡೆ ನೋಡಾಕ ಏನೈತ್ರೀ ಬೀಗರ? ಹೊಲ ಅದಾವು, ಕೆರಿ ಐತಿ."

ಹಿರಿಯರ ವಿನಯ ದೊಡ್ಡದು. ಆದರೆ ಅದನ್ನು ನಂಬಿ ಮರುದಿನವೇ ಹುಬ್ಬಳ್ಳಿಯ ಬಸ್ಸು ಹತ್ತುವ ಅತಿಥಿಗೆ ಆಗುವ ನಷ್ಟವೂ ಸಣ್ಣದಲ್ಲ.

ಕ್ಯೋಟೋದಲ್ಲಿ ಸಾನ್‌ಜೂಸಾನ್‌ಗೆನ್‌ದೋ ಎಂಬ ಉದ್ದನೆಯ ಮರದ ದೇವಾಲಯವಿದೆ. ಕಂಬಗಳ ನಡುವೆ ಮೂವತ್ತಮೂರು ಅಂಕಣಗಳಿರುವುದರಿಂದ ಅದಕ್ಕೆ ಆ ಹೆಸರು. ಒಳಗೆ ಸಾಲುಗೂಡಿ ನಿಂತ ಕರುಣಾಮಯಿ ಕಾನ್ನೋನ್ ದೇವತೆಯ ಮೂರ್ತಿಗಳು 1001. ಕಂಬಗಳ ಲೆಕ್ಕದಿಂದಲೇ ಹೆಸರು ಪಡೆದ ಗುಡಿಯೊಂದು ಬಂಕಾಪುರದ ಕೋಟೆಯೊಳಗೂ ಇದೆ. ನಾಗರೇಶ್ವರ ಅದರ ಶಾಸ್ತ್ರೋಕ್ತ ನಾಮ; ಜನರ ಬಾಯಲ್ಲಿ ಅದು ಅರವತ್ತುಕಂಬದ ಗುಡಿ. ಹೊಸಬರು ಕಂಬಗಳನ್ನು ಎಣಿಸಿಯೇ ಎಣಿಸುತ್ತಾರೆ, ಎಣಿಸಿದವರಿಗೆ ಅರವತ್ತಾರು ಸಿಕ್ಕುತ್ತವೆ. ಆರು ಕಂಬಗಳನ್ನು ಧಾರಾಳವಾಗಿ ಬಿಟ್ಟುಕೊಟ್ಟು ಹೆಸರಿಟ್ಟ ಊರು ಇನ್ನೊಂದು ಇರಲಾರದು! ಚಾಲುಕ್ಯರ ಕಾಲದ ಶಿಲ್ಪಿಗಳು ಚಕ್ರಕ್ಕೆ ಹಿಡಿದು ಕಡೆದ ಆ ಕಂಬಗಳ ನುಣುಪನ್ನು ಬಾಯಿಮಾತಿನಿಂದ ತಿಳಿಸುವುದು ಕಷ್ಟ. ಕೈಯಿಂದ ಮುಟ್ಟಿ ನೋಡತಕ್ಕದ್ದು.

ಕ್ಯೋಟೋದ ದೇವಾಲಯವನ್ನು ಮೊದಲು ಕಟ್ಟಿದ್ದು 1164ರಲ್ಲಿ. 1249ರಲ್ಲಿ ಅದು ಸುಟ್ಟುಹೋಯಿತು. 1266ರಲ್ಲಿ ಜನ ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದರು. ಇಂದು ಪ್ರವಾಸಿಗಳು ಕಾಣುವುದು ಆ ಎರಡನೆಯ ಕಟ್ಟಡವನ್ನೇ. ಬಂಕಾಪುರದ ಕಲ್ಲಿಗೆ ಅಂಥ ಭಾಗ್ಯ ಒದಗಲಿಲ್ಲ. 16ನೆಯ ಶತಮಾನದಲ್ಲಿ ಬಿಜಾಪುರದ ಆದಿಲ್‌ಶಾಹಿ ಸೈನ್ಯ ಕೋಟೆಯನ್ನು ಹಿಡಿಯಿತು. ಯುದ್ಧ ಮುರಿದದ್ದು ಮುರಿದಂತೆಯೇ ಉಳಿಯಿತು. ಗೋಡೆಯೊಂದು ಬಿದ್ದರೆ ಅದರೊಡನೆ ಬೀಳುವುದೇನೆಂಬುದನ್ನು ಅರಿಯಬೇಕಾದರೆ ಊರಿನ ಹಿಂದಿನ ಕಥೆಯನ್ನು ತುಸು ಕೇಳಬೇಕು. ಈ ಊರಿಗೆ ಹೆಸರು ಬಂದದ್ದು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಬಲಗೈಯಾಗಿದ್ದ ಬಂಕೆಯನಿಂದ. ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ 898ರಲ್ಲಿ ಪೂಜೆ ಸಂದಾಗ ಇಲ್ಲಿ ಆಳುತ್ತಿದ್ದವನು ಬಂಕೆಯನ ಮಗ ಲೋಕಾದಿತ್ಯ. ಗಂಗರ ದೊರೆ ಮಾರಸಿಂಹ ರಾಜ್ಯಭಾರವನ್ನು ಬಿಟ್ಟು ಬಂದು, ಅಜಿತಸೇನಾಚಾರ್ಯರ ಪಾದಸನ್ನಿಧಿಯಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟದ್ದು ಇದೇ ಬಂಕಾಪುರದಲ್ಲಿ. ಅದೇ ಅಜಿತಸೇನರು ಕವಿ ರನ್ನನಿಗೂ ಚಾವುಂಡರಾಯನಿಗೂ ಗುರುಗಳು. ಹೆದ್ದಾರಿಯಲ್ಲಿ ಧೂಳೆಬ್ಬಿಸಿಕೊಂಡು ಓಡುವ ವಾಹನಗಳಲ್ಲಿ ಕುಳಿತವರೆಷ್ಟು ಮಂದಿಗೆ ಈ ಮಾತು ತಿಳಿದಿದೆ?

ನಾರಾದಲ್ಲಿ ಜಿಂಕೆಗಳು ಬೀದಿಯಲ್ಲಿ ನಿರ್ಭಯವಾಗಿ ಅಡ್ಡಾಡುತ್ತವೆ. ಅವು ಕಸುಗಾ ದೇವಾಲಯದ ದೇವರ ದೂತರೆಂದು ಅಲ್ಲಿಯವರ ನಂಬಿಕೆ. ಬಂಕಾಪುರದ ಕೋಟೆಯಲ್ಲಿ ಆ ಸ್ಥಾನ ನವಿಲಿನದು. 139 ಎಕರೆಯ ಆ ಆವರಣದಲ್ಲಿ ಖಿಲಾರಿ ತಳಿಯ ದನಗಳನ್ನು ಸಾಕುವ ಸರಕಾರಿ ಕೇಂದ್ರವಿದ್ದು, ದನಗಳಿಗಾಗಿ ಬೆಳೆದ ಮೇವು, ಕಂದಕದ ಮುಳ್ಳುಪೊದೆ, ಬೇಟೆಗಾರರ ಕಾಟವಿಲ್ಲದ ನೆಮ್ಮದಿ ಎಲ್ಲವೂ ಕೂಡಿ ನವಿಲುಗಳನ್ನು ತಾವಾಗಿ ಕರೆದವು. 2006ರಲ್ಲಿ ಸರಕಾರ ಅದನ್ನು ನವಿಲುಧಾಮವೆಂದು ಸಾರಿತು. ಎತ್ತು ಸಾಕಲು ಕಟ್ಟಿದ ಬೇಲಿಯೊಳಗೆ ನವಿಲು ಉಳಿಯಿತೆಂಬುದೇ ಇಲ್ಲಿಯ ಸ್ವಾರಸ್ಯ. ಆದರೆ ನಾರಾದ ಜಿಂಕೆಯಂತೆ ಇವು ಕೈಯಿಂದ ತಿನಿಸು ಕಸಿದುಕೊಳ್ಳಲು ಬರಲಾರವು. ನಡುಮಧ್ಯಾಹ್ನ ಹೋಗಿ, ಒಂದು ಗರಿಯನ್ನೂ ಕಾಣದೆ ಬೈದುಕೊಂಡು ಮರಳುವವರೇ ಹೆಚ್ಚು. ಸೂರ್ಯ ಹುಟ್ಟುವ ಹೊತ್ತು ಇಲ್ಲವೆ ಇಳಿಹೊತ್ತು ಹೋಗಬೇಕು, ಸದ್ದು ಮಾಡದೆ ಕುಳಿತಿರಬೇಕು. ಮುಂಗಾರಿನ ಮೋಡ ಕವಿದ ದಿನವಾದರೆ ಕುಣಿತವೂ ಕಂಡೀತು. ಮಳೆಗಾಲ ಕಳೆಯುವ ವೇಳೆಗೆ ಗಂಡುನವಿಲಿನ ಉದ್ದನೆಯ ಗರಿಗಳು ಉದುರಿಹೋಗುತ್ತವೆ.

ಸವಣೂರಿಗೆ ಹೋಗುವವರು ನವಾಬರ ಊರೆಂದು ಅರಮನೆಯನ್ನು ಹುಡುಕುತ್ತಾರೆ, 1783ರಲ್ಲಿ ಬೃಂದಾವನಸ್ಥರಾದ ಸತ್ಯಬೋಧ ಸ್ವಾಮಿಗಳ ದರ್ಶನ ಪಡೆಯುತ್ತಾರೆ. 1909ರಲ್ಲಿ ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ ಊರೆಂದು ಸಾಹಿತ್ಯಪ್ರಿಯರು ನೆನೆಯುತ್ತಾರೆ. ಇವೆಲ್ಲ ಸರಿಯೇ. ಆದರೆ ಮೊದಲ ಸಲ ಬಂದವನು ಮೊದಲು ದೊಡ್ಡಹುಣಸೇ ಕಲ್ಮಠಕ್ಕೆ ಹೋಗಬೇಕು. ಅಲ್ಲಿ ಮೂರು ಮಹಾವೃಕ್ಷಗಳಿವೆ. ಜನ ದೊಡ್ಡಹುಣಸೆ ಎನ್ನುತ್ತಾರಾದರೂ ಅವು ಹುಣಸೆಯಲ್ಲ. ಆಫ್ರಿಕ ಖಂಡದ ಬಾವೊಬಾಬ್ ಮರಗಳು. ಹಣ್ಣಿನ ತಿರುಳು ಹುಳಿಯಾದ್ದರಿಂದ ಆ ಹೆಸರು ಬಿದ್ದಿರಬೇಕು. ಕಾಂಡದೊಳಗೆ ನೀರನ್ನು ತುಂಬಿಟ್ಟುಕೊಂಡು ಬರಗಾಲವನ್ನು ದಾಟುವ ಮರವಿದು. ಬೇಸಗೆಯಲ್ಲಿ ಎಲೆಯೆಲ್ಲ ಉದುರಿ, ಬೇರು ಮೇಲೆ ಮಾಡಿ ನೆಟ್ಟಂತೆ ಕಾಣುತ್ತದೆ. ಬಿಳಿಯ ದೊಡ್ಡ ಹೂವು ಅರಳುವುದು ಸಂಜೆಗೆ. ಸಮುದ್ರ ದಾಟಿದ ಬೀಜ ಯಾರ ಜೋಳಿಗೆಯಲ್ಲಿ ಸವಣೂರು ಸೇರಿತೋ! ಮರಗಳಿಗೆ ಎರಡು ಸಾವಿರ ವರುಷವೆಂದು ಊರವರು ಹೇಳುತ್ತಾರೆ.

2023ರ ಜುಲೈ ತಿಂಗಳ ಮಳೆಯಲ್ಲಿ ಆ ಮೂರರಲ್ಲೊಂದು ಬುಡಸಹಿತ ಉರುಳಿಬಿದ್ದಿತು. ಬಿದ್ದ ಮರ ಸಾಮಾನ್ಯವಾಗಿ ಕಟ್ಟಿಗೆಯ ಅಡತಿಗೆ ಹೋಗುತ್ತದೆ. ಇದು ಹೋಗಲಿಲ್ಲ. ಕೊಂಬೆಗಳನ್ನು ಸವರಿ, ಯಂತ್ರಗಳಿಂದ ಎತ್ತಿ, ಅದನ್ನು ಮತ್ತೆ ನೆಟ್ಟರು. ಜಪಾನಿನಲ್ಲಿ ಪುರಾತನ ವೃಕ್ಷಗಳಿಗೆ ಭತ್ತದ ಹುಲ್ಲಿನ ಹಗ್ಗ ಸುತ್ತಿ ದೇವರ ಬಿಡಾರವೆಂದು ಗುರುತಿಸುತ್ತಾರೆ. ಬಾಗಿದ ಕೊಂಬೆಗೆ ಊರುಗೋಲು ಕೊಡುತ್ತಾರೆ. ಅದನ್ನು ಕಂಡು ಬೆರಗಾಗಿ ಬಂದವರು ಸವಣೂರಿನ ಈ ಮರದೆದುರೂ ಒಂದು ಗಳಿಗೆ ನಿಲ್ಲಲಿ.

ಸಮಯವಿದ್ದವರಿಗೆ ಹಾನಗಲ್ಲಿನ ತಾರಕೇಶ್ವರ ಗುಡಿಯಿದೆ. ಮಂಟಪದ ಚಾವಣಿಯಲ್ಲಿ ಕೆಳಮುಖವಾಗಿ ಅರಳಿದ ಕಲ್ಲಿನ ಕಮಲವನ್ನು ನೋಡುತ್ತ ಕುತ್ತಿಗೆ ನೋಯುವುದು ನಿಶ್ಚಯ. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಮುತ್ತಿಗೆ ಹಾಕಿದ ಊರದು. ಕನಕದಾಸರು ಹುಟ್ಟಿದ ಬಾಡ ಶಿಗ್ಗಾವಿ ತಾಲೂಕಿನದೇ. ಅಲ್ಲಿಯ ಅರಮನೆ ಈ ಕಾಲದ ರಚನೆ, ಭಕ್ತಿ ಮಾತ್ರ ಹಳೆಯದು. ಶಿಶುನಾಳವನ್ನು ಬಿಡಲಾಗದು. 1889ರಲ್ಲಿ ತೀರಿಕೊಂಡ ಶರೀಫ ಸಾಹೇಬರ ಗದ್ದುಗೆಗೆ ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುತ್ತಾರೆ. ಏಕತಾರಿ ಹಿಡಿದ ಹಾಡುಗಾರನೊಬ್ಬ ಸಿಕ್ಕರೆ ಹೊತ್ತು ಹೋದದ್ದೇ ತಿಳಿಯದು.

ಎಲ್ಲವನ್ನೂ ಒಂದೇ ದಿನದಲ್ಲಿ ನೋಡುವ ಹಟ ಬೇಡ. ಬೆಳಗಿನ ಜಾವ ಬಂಕಾಪುರ, ಬಿಸಿಲೇರಿದ ಮೇಲೆ ಸವಣೂರು, ಅಷ್ಟು ಸಾಕು. ಮರಳುವಾಗ ಸವಣೂರಿನ ಖಾರದ ಒಂದು ಪೊಟ್ಟಣ ಮಕ್ಕಳಿಗೆ, ಒಂದು ಕಟ್ಟು ಎಲೆ ಹಿರಿಯರಿಗೆ. ರಾತ್ರಿ ಪಡಸಾಲೆಯಲ್ಲಿ ಎಲೆ ಮಡಿಸುತ್ತ ಹಿರಿಯರು ಕೇಳುತ್ತಾರೆ: "ಗುಡ್ಯಾಗ ಕಂಬ ಎಣಿಸಿದ್ರೇನ್ರೀ ಬೀಗರ? ಖರೇನ ಅರವತ್ತ ಅದಾವೇನು?"