ಹೆಸರಿಲ್ಲದ ಅಜ್ಜಿಯರು

ಸುಗ್ಗಿ ಮುಗಿದ ಮೇಲೆ ನಮ್ಮ ಬೆಳಗಾವಿ ಸೀಮೆಯ ಹಳ್ಳಿಗಳಿಗೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ರೈತನ ಮನೆಯ ಮುಂದೆ ನಿಂತು, ಆ ಮನೆತನದ ಮೂಲ ಯಾರು, ಎಲ್ಲಿಂದ ವಲಸೆ ಬಂದರು, ಯಾರಿಗೆ ಎಷ್ಟು ಮಕ್ಕಳು ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದರು. ಮನೆಯವರು ಕಾಳು, ಬಟ್ಟೆ, ಅನುಕೂಲವಿದ್ದರೆ ಒಂದು ಕರುವನ್ನೂ ಕೊಡುತ್ತಿದ್ದರು. ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು ಅವರು ಮುಂದಿನ ಊರಿಗೆ ಹೋಗುತ್ತಿದ್ದರು. ಕಚೇರಿಯಿಲ್ಲ, ಬೋರ್ಡಿಲ್ಲ. ನಮ್ಮ ಕಡೆಯ ವಂಶಾವಳಿ ಸಂಘವೆಂದರೆ ಅವರೇ. ಅಮೆರಿಕದ ಯೂಟಾದಲ್ಲಿ ಮೋರ್ಮನ್ ಪಂಥದವರು 1894ರಲ್ಲಿ ಇಂಥದ್ದೇ ಕೆಲಸಕ್ಕೆ ಒಂದು ಸಂಘ ಕಟ್ಟಿ, ಜಗತ್ತಿನ ಊರೂರಿನ ದಾಖಲೆಗಳನ್ನು ಫಿಲ್ಮಿಗಿಳಿಸಿ ಬೆಟ್ಟ ಕೊರೆದು ಮಾಡಿದ ಉಗ್ರಾಣದಲ್ಲಿ ಇಟ್ಟಿದ್ದಾರೆ. ಹೆಳವರ ಉಗ್ರಾಣ ಅವರ ನಾಲಿಗೆ ಮತ್ತು ಚೀಲದೊಳಗಿನ ಹೊತ್ತಿಗೆ.

ನಮ್ಮ ಮುಸ್ಲಿಮ್ ಮನೆಗಳಿಗೂ ಇದು ಹೊಸದಲ್ಲ. ಹಝ್ರತ್ ಅಬೂಬಕರ್(ರ) ಅರಬರ ವಂಶಾವಳಿ ಬಲ್ಲವರಲ್ಲಿ ಹೆಸರಾದವರು. ಸ್ಪೇನಿನ ಇಬ್ನು ಹಝ್ಮ್ (994-1064) ಅರಬ್ ಕುಲಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದರು. ಆದರೆ ಜನಾಂಗ, ಗೋತ್ರಗಳಿರುವುದು ಪರಸ್ಪರ ಗುರುತಿಸುವುದಕ್ಕೆ, ಹಿರಿಮೆ ಇರುವುದು ದೇವಭಯದಲ್ಲಿ ಎಂದು ಕುರ್‌ಆನ್ ಸ್ಪಷ್ಟಪಡಿಸಿದೆ. ಸೈಯದ್, ಶೇಖ್ ಎಂದು ಮೀಸೆ ತಿರುವುವವರು ಈ ಮಾತನ್ನು ಯಾಕೋ ಓದದೆ ದಾಟಿಬಿಡುತ್ತಾರೆ. ವಂಶ ತಿಳಿಯಬೇಕಾದದ್ದು ಸಂಬಂಧ ಉಳಿಸಿಕೊಳ್ಳಲಿಕ್ಕೆ, ಹಕ್ಕುದಾರರಿಗೆ ಹಕ್ಕು ಮುಟ್ಟಿಸಲಿಕ್ಕೆ.

ಈ ಹಕ್ಕಿನ ವಿಷಯದಲ್ಲೇ ನಾವು ಎಡವಿದ್ದು. ಮೊದಲು ಅಥಣಿ ತಾಲೂಕಿನಲ್ಲಿದ್ದು ಈಗ ಕಾಗವಾಡ ತಾಲೂಕಿಗೆ ಸೇರಿದ ಶಿರಗುಪ್ಪಿಯಲ್ಲಿ ನಮ್ಮ ಸಂಬಂಧಿಕರೊಬ್ಬರ ಹೊಲದ ವಾರಸಾ ಮಾಡಿಸಬೇಕಿತ್ತು. ಅದಕ್ಕೆ ವಂಶವೃಕ್ಷ ಬೇಕು. ಹಿರಿಯರು ಕುಳಿತು ಹೇಳತೊಡಗಿದರು, ಹುಡುಗನೊಬ್ಬ ಬರೆದುಕೊಂಡ. ಅಜ್ಜ, ಅವನ ಮೂವರು ಗಂಡುಮಕ್ಕಳು, ಅವರ ಗಂಡುಮಕ್ಕಳು. ಐದು ತಲೆಮಾರು, ಹಾಳೆಯ ತುಂಬ ಹೆಸರು. ಹೆಣ್ಣುಮಕ್ಕಳೆಲ್ಲಿ ಎಂದು ಕೇಳಿದೆ. "ಅವರೆಲ್ಲ ಕೊಟ್ಟುಹೋದವರು, ಹಕ್ಕುಬಿಡುಗಡೆ ಬರೆಸಿದರಾಯಿತು" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ರೂಢಿಯಿಂದ ಹೇಳಿದ್ದು. ಆದರೆ ಸೂರಃ ಅನ್ನಿಸಾದಲ್ಲಿ ಹೆಣ್ಣುಮಕ್ಕಳ ಪಾಲು ನಿಗದಿಯಾಗಿದೆ. ಹಾಳೆಯಲ್ಲಿ ಹೆಸರೇ ಇಲ್ಲದವಳ ಪಾಲನ್ನು ಯಾರು ಲೆಕ್ಕ ಹಾಕುತ್ತಾರೆ?

ಈ ರೂಢಿಗೆ ಸರಕಾರದ ಕಾಗದದ ಬಲವೂ ಸಿಕ್ಕಿತ್ತು. ಆದಿಲ್‌ಶಾಹಿ ಕಾಲದಿಂದ ಖಾಜಿ, ಮುಲ್ಲಾ, ಮುಜಾವರರಿಗೆ ಇನಾಮು ಭೂಮಿ ಇರುತ್ತಿತ್ತು. ಬ್ರಿಟಿಷರು 1852ರ ಕಾಯ್ದೆಯಡಿ ಇನಾಮು ಕಮಿಷನ್ ನಡೆಸಿ ದಾಖಲೆ ಕೇಳಿದಾಗ ಮನೆತನಗಳು ವಂಶಾವಳಿ ಬರೆದು ಒಪ್ಪಿಸಬೇಕಾಯಿತು. ಅಲ್ಲಿ ಲೆಕ್ಕಕ್ಕೆ ಬಂದದ್ದು ಗಂಡುಸಂತಾನ. ಇಂದಿಗೂ ಅಂಥ ಮನೆಗಳ ಪೆಟ್ಟಿಗೆಯಲ್ಲಿ ಫಾರಸಿ ಸನದು, ಮೋಡಿ ಲಿಪಿಯ ಕಾಗದ ಸಿಗುತ್ತವೆ. 1956ರವರೆಗೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತಲ್ಲ. ಓದುವವರಿಲ್ಲದೆ ಅವು ಗೆದ್ದಲಿನ ಪಾಲಾಗುತ್ತಿವೆ. ಇನಾಮದಾರ, ಮುಲ್ಲಾ, ಮುಜಾವರ, ನದಾಫ, ಅತ್ತಾರ, ತಾಂಬೋಳಿ, ಹೀಗೆ ನಮ್ಮ ಅಡ್ಡಹೆಸರುಗಳೇ ಹಳೆಯ ಕಸುಬು ಹೇಳುತ್ತವೆ. ಅದೂ ಗಂಡಸರ ಕಸುಬೇ.

ಇಸ್ಲಾಮಿನಲ್ಲಿ ಮದುವೆಯಾದರೂ ಹೆಣ್ಣು ತಂದೆಯ ಹೆಸರು ಬಿಡಬೇಕಾಗಿಲ್ಲ. ಹಝ್ರತ್ ಆಯಿಶಾ(ರ) ಕೊನೆಯವರೆಗೂ ಅಬೂಬಕರರ ಮಗಳಾಗಿಯೇ ಗುರುತಿಸಲ್ಪಟ್ಟರು. ನಮ್ಮಲ್ಲೋ, ಸೊಸೆ ಹೊಸ್ತಿಲು ದಾಟಿದ ದಿನವೇ ಅವಳ ಹೆಸರು ಹೋಗಿ ತವರಿನ ಹೆಸರು ಅಂಟಿಕೊಳ್ಳುತ್ತದೆ: ಕುಡಚಿವಾಲಿ, ಮಿರಜ್‌ವಾಲಿ, ಅಥಣಿವಾಲಿ. ಪ್ರೀತಿಯಿಂದಲೇ ಕರೆಯುತ್ತಾರೆ. ನಲವತ್ತು ವರ್ಷ ಹಾಗೆ ಕರೆದ ಮೇಲೆ ಮೊಮ್ಮಕ್ಕಳಿಗೆ ನಿಜವಾದ ಹೆಸರು ಗೊತ್ತಿರುವುದಿಲ್ಲ. ಖಬರಸ್ತಾನದ ಮಣ್ಣಿನ ಗೋರಿಯ ಮೇಲೆ ಹೆಸರು ಬರೆದಿರುವುದೂ ಇಲ್ಲ.

ಇನ್ನೊಂದು ಮಾತು. ಯಾವ ತಲಾಠಿಯ ವಹಿಯಲ್ಲೂ, ಯಾವ ಹೆಳವನ ಹೊತ್ತಿಗೆಯಲ್ಲೂ ಸಿಗದ ಒಂದು ಸಂಬಂಧ ನಮ್ಮಲ್ಲಿದೆ, ಹಾಲಿನ ಸಂಬಂಧ. ತಾಯಿಗೆ ಬಾಣಂತಿಯಲ್ಲಿ ಕಾಯಿಲೆಯಾದಾಗ ಪಕ್ಕದ ಮನೆಯಾಕೆಯೋ ಚಿಕ್ಕಮ್ಮನೋ ಮಗುವಿಗೆ ಹಾಲೂಡಿಸಿರುತ್ತಾಳೆ. ಆ ಮಕ್ಕಳು ಹಾಲಿನ ಅಣ್ಣತಂಗಿಯರಾಗುತ್ತಾರೆ, ಅವರಲ್ಲಿ ನಿಕಾಹ್ ನಿಷಿದ್ಧ. ಇದು ಗೊತ್ತಿರುವುದು ಆ ಮನೆಯ ಹೆಂಗಸರಿಗೆ ಮಾತ್ರ. ಇಪ್ಪತ್ತು ವರ್ಷದ ನಂತರ ಸಂಬಂಧ ಕುದುರಿ, ದಿನ ಗೊತ್ತಾದ ಮೇಲೆ ಮುದುಕಿಯೊಬ್ಬಳು "ಅಯ್ಯೋ, ಇವರಿಬ್ಬರೂ ಒಂದೇ ಹಾಲು ಕುಡಿದವರು" ಎಂದರೆ ಎರಡೂ ಮನೆಯ ಗತಿಯೇನು? ಹೇಳುವ ಮುದುಕಿ ಅಷ್ಟರಲ್ಲಿ ತೀರಿಹೋಗಿದ್ದರೆ?

ಆದ್ದರಿಂದ ನಾನು ಒಂದು ನೂರು ಪುಟದ ನೋಟ್‌ಬುಕ್ ಕೊಂಡುಕೊಂಡೆ. ಹಳೆಯ ನಿಕಾಹ್‌ನಾಮಾಗಳನ್ನು ನೋಡಿದೆ. ಅವುಗಳಲ್ಲಿ ಮದುಮಗಳ ಹೆಸರು, ಆಕೆಯ ತಂದೆಯ ಹೆಸರು, ಮಹ್ರ್ ಎಲ್ಲವೂ ಇರುತ್ತವೆ. ಶಾಲೆ ಬಿಟ್ಟ ಸರ್ಟಿಫಿಕೇಟು, ಹಳೆಯ ಕುರ್‌ಆನ್ ಪ್ರತಿಯ ಒಳಹಾಳೆಯಲ್ಲಿ ಯಾರೋ ಬರೆದಿಟ್ಟ ಮಕ್ಕಳ ಜನ್ಮತಾರೀಖು, ಎಲ್ಲವೂ ಕೆಲಸಕ್ಕೆ ಬಂದವು. ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ಸಂಜೆ ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕುಳಿತ ಹಿರಿಯ ಹೆಂಗಸರಿಂದ. ಯಾರು ಯಾರಿಗೆ ಹಾಲು ಕೊಟ್ಟರು, ಯಾವ ಕೂಸು ಹುಟ್ಟಿ ಮೂರು ದಿನಕ್ಕೆ ಹೋಯಿತು, ಎಲ್ಲ ಅವರ ಬಾಯಲ್ಲಿತ್ತು. ವಂಶವೃಕ್ಷದ ಅರ್ಜಿಯನ್ನು ಮತ್ತೆ ಬರೆಸಿದೆವು. ಈ ಸಲ ಏಳು ಹೆಣ್ಣುಮಕ್ಕಳ ಹೆಸರು ಸೇರಿದವು. ಹಿರಿಯರು ಸ್ವಲ್ಪ ಹೊತ್ತು ಮುಖ ಗಂಟು ಹಾಕಿಕೊಂಡಿದ್ದರು, ಕೊನೆಗೆ ಸಹಿ ಹಾಕಿದರು.

ನೋಟ್‌ಬುಕ್ಕಿನ ಮೂರನೆಯ ಪುಟದಲ್ಲಿ ನನ್ನ ಮುತ್ತಜ್ಜಿಯ ಜಾಗವಿದೆ. ಕೇಳಿದವರೆಲ್ಲ ಅವಳ ಕೈಯ ಜೋಳದ ರೊಟ್ಟಿಯನ್ನು, ಅವಳ ಸಿಟ್ಟನ್ನು ನೆನೆಸುತ್ತಾರೆ. ಹೆಸರು ಯಾರಿಗೂ ಬಾರದು. ಸದ್ಯಕ್ಕೆ ಪೆನ್ಸಿಲ್ಲಿನಲ್ಲಿ "ಮಿರಜ್‌ವಾಲಿ" ಎಂದು ಬರೆದಿದ್ದೇನೆ. ಈ ರಜೆಯಲ್ಲಿ ಮಿರಜಿಗೆ ಹೋಗಿ ಅವಳ ತವರಿನ ಕಡೆಯವರನ್ನು ಕೇಳಬೇಕು.