ಕಲಾ ಇತಿಹಾಸದ ಎಂ.ಎ.ಗೆ ಯಾರು ಅರ್ಹರು?

ಕಲಾ ಇತಿಹಾಸದಲ್ಲಿ ಎಂ.ಎ. ಮಾಡಬೇಕು ಅಂತ ನಮ್ಮ ಕೇರಿಯ ಹುಡುಗನೋ ಹುಡುಗಿಯೋ ಬಾಯಿಬಿಟ್ಟರೆ ಮೊದಲು ನಗುವವರು ನಮ್ಮವರೇ. ಅದರಿಂದ ಹೊಟ್ಟೆ ತುಂಬುತ್ತದಾ ಅಂತ ಕೇಳುತ್ತಾರೆ. ಆ ಪ್ರಶ್ನೆಗೆ ನಾವು ಸಿಟ್ಟಾಗುವುದಿಲ್ಲ. ಅದು ಹಸಿವು ಕಂಡವರ ಪ್ರಶ್ನೆ. ನಮ್ಮ ಸಿಟ್ಟೆಲ್ಲ ಆಮೇಲೆ ನಗುವವರ ಮೇಲೆ. ಅವರು ಬಾಯಿಬಿಟ್ಟು ನಗುವುದಿಲ್ಲ. ಕೈಗೊಂದು ಅರ್ಜಿ ನಮೂನೆ ಕೊಡುತ್ತಾರೆ.

ಆ ನಮೂನೆಯನ್ನು ಒಮ್ಮೆ ಕಣ್ಣುಬಿಟ್ಟು ಓದಿ ಗೆಳೆಯರೆ. ಯಾವ ಪದವಿಯಾದರೂ ಸರಿ ಅಂತ ಮೊದಲ ಸಾಲಿನಲ್ಲಿ ಬರೆದಿರುತ್ತದೆ. ಎಷ್ಟು ಉದಾರ! ಕೆಳಗಿಳಿದ ಹಾಗೆಲ್ಲ ಬಾಗಿಲು ಕಿರಿದಾಗುತ್ತ ಹೋಗುತ್ತದೆ. ಈ ವಿಷಯವನ್ನೇ ಯಾಕೆ ಓದಬೇಕು ಅಂತ ಒಂದು ಉದ್ದೇಶ ಪತ್ರ, ಇಂಗ್ಲಿಷಿನಲ್ಲಿ. ಹಿಂದೆ ಬರೆದ ಬರಹದ ಮಾದರಿ, ಅದೂ ಇಂಗ್ಲಿಷಿನಲ್ಲಿ. ನಮ್ಮನ್ನು ಚೆನ್ನಾಗಿ ಬಲ್ಲ ಪ್ರಾಧ್ಯಾಪಕರ ಶಿಫಾರಸು ಎರಡೋ ಮೂರೋ. ಹೊರದೇಶಕ್ಕೆ ಹೊರಟರೆ ಇಂಗ್ಲಿಷು ಬರುತ್ತದೆ ಅಂತ ತೋರಿಸಲು ದುಡ್ಡು ಕಟ್ಟಿ ಬರೆಯುವ ಪರೀಕ್ಷೆ. ಅಮೆರಿಕದ ಹಲವು ವಿಭಾಗಗಳಲ್ಲಿ ಅದರ ಮೇಲೆ ಜರ್ಮನ್ನೋ ಫ್ರೆಂಚೋ ಓದಬಲ್ಲೆವೆಂದು ತೋರಿಸುವ ಇನ್ನೊಂದು ಪರೀಕ್ಷೆ. ಭಾರತದ ಹಳೆಯ ಕಲೆ ಓದುತ್ತೇನೆ ಅಂದಿರೋ, ಸಂಸ್ಕೃತ ಬರುತ್ತಾ ಅನ್ನುತ್ತಾರೆ.

ಬಿ.ಎ. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು, ಹಾಸ್ಟೆಲಿನ ಅನ್ನ ತಿಂದು, ರಜೆಯಲ್ಲಿ ಕೂಲಿ ಮಾಡಿ ಓದಿದವರನ್ನು ಯಾವ ಪ್ರಾಧ್ಯಾಪಕರು ಚೆನ್ನಾಗಿ ಬಲ್ಲರು ಸ್ವಾಮಿ? ಅವರಿಗೆ ನಮ್ಮ ಹೆಸರಿಗಿಂತ ಮೊದಲು ಗೊತ್ತಾಗುವುದು ನಮ್ಮ ಕೆಟಗರಿ.

ಭಾಷೆ ಕಲಿಯುವುದಕ್ಕೆ ನಮ್ಮ ತಕರಾರಿಲ್ಲ. ಜರ್ಮನ್ ಕಲಿತೇ ತೀರುತ್ತೇವೆ. ಈ ಶಾಸ್ತ್ರಕ್ಕೆ ಕಣ್ಣು ಕೊಟ್ಟವರಲ್ಲಿ ಒಬ್ಬನಾದ ವೋಲ್ಫ್ಲಿನ್ ಬರೆದದ್ದೇ ಜರ್ಮನ್ನಿನಲ್ಲಿ. ಸಂಸ್ಕೃತವನ್ನೂ ಓದೋಣ; ನಮ್ಮ ಕಿವಿಗೆ ಕಾದ ಸೀಸ ಸುರಿಯಬೇಕೆಂದವರ ಮಾತನ್ನು ಅವರ ಭಾಷೆಯಲ್ಲೇ ಓದಿದರೆ ತಪ್ಪೇನು? ಆದರೆ ಸಂಸ್ಕೃತ ಬರುತ್ತಾ ಅಂತ ಕೇಳುವವರು, ತಂಗಡಿ ಚಕ್ಕೆ ಹಾಕಿ ತೊಗಲು ಹದ ಮಾಡುವವರ ಮಾತು ಬರುತ್ತಾ, ಮೇಕೆಯ ಚರ್ಮವನ್ನು ಬೆಳಕು ಹಾಯುವಷ್ಟು ತೆಳ್ಳಗೆ ಮಾಡಿ ಅದರಲ್ಲಿ ರಾವಣನನ್ನು ಕೊರೆಯುವ ಕಿಳ್ಳೇಕ್ಯಾತರ ಮಾತು ಬರುತ್ತಾ ಅಂತ ಯಾಕೆ ಕೇಳುವುದಿಲ್ಲ? ಆ ಪ್ರಶ್ನೆ ಕೇಳಿದರೆ ಅರ್ಹರ ಪಟ್ಟಿ ಬೇರೆಯದೇ ಆಗುತ್ತದೆ. ಅದಕ್ಕೇ ಕೇಳುವುದಿಲ್ಲ. 2025ರಲ್ಲಿ ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ, ತೊಂಬತ್ತು ದಾಟಿದ ಆ ತಾಯಿಗೆ, ತೊಗಲುಗೊಂಬೆಗಾಗಿ ಪದ್ಮಶ್ರೀ ಕೊಟ್ಟರು. ಸಂತೋಷ. ಅವರ ಮೊಮ್ಮಕ್ಕಳ ವಯಸ್ಸಿನವರು ಅದೇ ಗೊಂಬೆಯ ಇತಿಹಾಸ ಓದಲು ಹೋದರೆ ಅದನ್ನು ‘ಜಾನಪದ’ ಅಂತ ಪಕ್ಕದ ಕೋಣೆಗೆ ತಳ್ಳುತ್ತಾರೆ. ಶಾಸ್ತ್ರೀಯ ಒಳಗೆ, ಜಾನಪದ ಹೊರಗೆ. ಊರು ಮತ್ತು ಕೇರಿ ಇದ್ದ ಹಾಗೇ.

ಬೇಲೂರಿನ ಗುಡಿಯ ಮಾತಾಡೋಣ. ಅದಿಲ್ಲದೆ ಕನ್ನಡನಾಡಿನ ಯಾವ ಕಲಾ ಇತಿಹಾಸದ ಪಾಠವೂ ಮುಗಿಯುವುದಿಲ್ಲ. 1117, ವಿಷ್ಣುವರ್ಧನ, ಮದನಿಕೆಯರು, ನಕ್ಷತ್ರಾಕಾರದ ಜಗತಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಟ್ಟು ಹೋಗಿದ್ದಾರೆ. ರೂವಾರಿಗಳ ಹೆಸರು ಉಳಿದದ್ದು ದೊಡ್ಡ ಮಾತೇ, ಒಪ್ಪುತ್ತೇವೆ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಬೇಲೂರು, ಹಳೇಬೀಡು, ಸೋಮನಾಥಪುರ ಸೇರಿದಾಗ ಪತ್ರಿಕೆಗಳ ತುಂಬ ಮದನಿಕೆಯರೇ.

ಅದೇ ಗುಡಿಯ ಇನ್ನೊಂದು ವಿಷಯವನ್ನು ಬಿ. ಎಲ್. ರೈಸ್ ತಮ್ಮ ಮೈಸೂರು ಗೆಝೆಟಿಯರಿನಲ್ಲಿ ಬರೆದಿಟ್ಟಿದ್ದಾರೆ. ಬೇಲೂರಿನ ದೇವರು ಆಗಾಗ ಬಾಬಾಬುಡನ್ ಬೆಟ್ಟದಲ್ಲಿರುವ ದೇವಿಯನ್ನು ನೋಡಲು ಹೋಗುತ್ತಾನಂತೆ. ಹೋಗಲು ಗುಡಿಯಲ್ಲೇ ಇಟ್ಟ ಒಂದು ಜೊತೆ ದೊಡ್ಡ ಮೆಟ್ಟು. ಅವು ಸವೆದರೆ ಚನ್ನಗಿರಿ ಮತ್ತು ಬಸವಾಪಟ್ಟಣದ ಚಪ್ಪಲಿ ಕಸುಬಿನ ನಮ್ಮ ಜನ ಹೊಸದು ಮಾಡಿಕೊಡಬೇಕು. ಅದಕ್ಕೆ ಪ್ರತಿಯಾಗಿ ಅವರಿಗೆ ಗುಡಿಯ ಅಂಗಳದ ತನಕ ಬರುವ ಹಕ್ಕು. ಅಂಗಳದ ತನಕ! ದೇವರ ಪಾದಕ್ಕೆ ಅಳತೆ ಕೊಟ್ಟವರು ದೇವರ ಪಾದ ಕಾಣುವಂತಿಲ್ಲ. ಹೊಲೆಯರಿಗೂ ವರ್ಷದಲ್ಲಿ ಕೆಲವೇ ಗೊತ್ತಾದ ದಿನ ಪ್ರವೇಶ.

ಈಗ ಹೇಳಿ, ಆ ಮೆಟ್ಟು ಕಲೆ ಹೌದೋ ಅಲ್ಲವೋ? ಅದಕ್ಕೆ ಅಳತೆ ಉಂಟು, ವಿನ್ಯಾಸ ಉಂಟು, ಮಾಡುವ ಮನೆತನ ಉಂಟು, ಗುಡಿಯೊಂದಿಗೆ ಕರಾರು ಉಂಟು. ಒಂದು ಕಿರುಪ್ರಬಂಧಕ್ಕೆ ಇನ್ನೇನು ಬೇಕು? ನಮ್ಮಲ್ಲೊಬ್ಬಳು ಇದನ್ನೇ ವಿಷಯ ಮಾಡಿಕೊಂಡು ತನ್ನ ವಿಭಾಗದ ಮಾರ್ಗದರ್ಶಕರ ಹತ್ತಿರ ಹೋದಳು. ಯಾವ ವಿಭಾಗ ಅನ್ನುವುದು ಬೇಡ. ಹೆಸರು ಹೇಳಿದರೆ ಮಿಕ್ಕವರು ಬಚಾವಾಗುತ್ತಾರೆ. ‘ಇದು ಸಮಾಜಶಾಸ್ತ್ರ ಕಣಮ್ಮ, ಇದರಲ್ಲಿ ಕಲೆ ಎಲ್ಲಿದೆ? ಮದನಿಕೆಯ ಕೇಶವಿನ್ಯಾಸ ತಗೋ, ಬೇಗ ಮುಗಿಯುತ್ತೆ’ ಅಂದರು. ಕೂದಲು ಕಲೆ, ಕಾಲು ಸಮಾಜಶಾಸ್ತ್ರ!

ಆಮೇಲೆ ಕ್ಷೇತ್ರಕಾರ್ಯ. ಅದೂ ಕಡ್ಡಾಯ. ಗುಡಿಗೆ ಹೋಗಿ ಅಳತೆ ತೆಗೆದು, ಫೋಟೊ ಹಿಡಿದು ಬರಬೇಕು. ಪೂಜೆ ನಿಂತ ಸೋಮನಾಥಪುರದಂಥ ಕಡೆ ಟಿಕೇಟು ಕೊಂಡರೆ ಯಾರೂ ಜಾತಿ ಕೇಳುವುದಿಲ್ಲ. ಪೂಜೆ ನಡೆಯುವ ಊರಗುಡಿಯಲ್ಲಿ ಪುರೋಹಿತ ಮೊದಲು ಕೇಳುವುದೇ ‘ಯಾವ ಪೈಕಿ?’ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ಅಳಿಸಿ ಮುಕ್ಕಾಲು ಶತಮಾನವಾಯಿತು. ಗರ್ಭಗುಡಿಯ ಬಾಗಿಲವಾಡದ ಚಿತ್ರವಿಲ್ಲದ ಪ್ರಬಂಧಕ್ಕೆ ಅಂಕ ಕಡಿಮೆ ಹಾಕುವ ಪರೀಕ್ಷಕರು, ಬಾಗಿಲ ತನಕ ಬಿಡಲಿಲ್ಲ ಅಂತ ಬರೆದರೆ ಏನು ಮಾಡುತ್ತಾರೆ? ‘ಅಪ್ರಸ್ತುತ’ ಅಂತ ಪಕ್ಕದಲ್ಲಿ ಗೀಟು ಹಾಕುತ್ತಾರೆ. ಕಲೆಯ ಇತಿಹಾಸಕ್ಕೆ ಅದಕ್ಕಿಂತ ಪ್ರಸ್ತುತ ಯಾವುದಿದೆ ಎಂದು ನಮಗಂತೂ ತಿಳಿಯದು.

ಇಷ್ಟೆಲ್ಲ ದಾಟಿ ಹೊರದೇಶದಲ್ಲಿ ಓದೋಣ ಅಂದರೆ ಸರ್ಕಾರವೇ ಅಡ್ಡ ನಿಂತಿತು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಅಂತ ಒಂದಿದೆ. ಪರಿಶಿಷ್ಟ ಜಾತಿಯವರಿಗೆ, ಅಲೆಮಾರಿಗಳಿಗೆ, ಭೂಮಿಯಿಲ್ಲದ ಕೂಲಿಗಳಿಗೆ, ಪರಂಪರೆಯ ಕುಶಲಕರ್ಮಿಗಳಿಗೆ, ಎಲ್ಲ ಸೇರಿ 125 ಜಾಗ. 2022ರ ಫೆಬ್ರವರಿಯಲ್ಲಿ ಅದರ ನಿಯಮದೊಳಗೆ ಒಂದು ಸಾಲು ಸೇರಿಸಿದರು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಅಧ್ಯಯನಕ್ಕೆ ಈ ಹಣ ಸಿಗುವುದಿಲ್ಲ. ಕುಶಲಕರ್ಮಿಯ ಮಗನಿಗೆ ದುಡ್ಡು ಉಂಟು, ಅಪ್ಪನ ಕಸುಬಿನ ಇತಿಹಾಸ ಓದುವುದಕ್ಕೆ ಇಲ್ಲ. ಮನೆಯಲ್ಲಿ ದುಡ್ಡಿದ್ದವರ ಮಕ್ಕಳು ತಮಗೆ ಬೇಕಾದ್ದನ್ನು ಬೇಕಾದಲ್ಲಿ ಓದುತ್ತಾರೆ, ಅವರಿಗೆ ಈ ಸಾಲು ತಾಗುವುದಿಲ್ಲ.

ಇಲ್ಲಿನ ವಿಷಯ ಓದಲು ಅಲ್ಲಿಗೇಕೆ ಹೋಗಬೇಕು ಅಂತ ಸಮಜಾಯಿಷಿ. ಕೇಳಲು ಚೆಂದ. ಅಮರಾವತಿಯ ಬೌದ್ಧ ಸ್ತೂಪದ ಶಿಲ್ಪಗಳ ದೊಡ್ಡ ರಾಶಿ ಎಲ್ಲಿದೆ? ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ. ಭಾರತದ ಕಲೆಗೆ ವ್ಯಾಖ್ಯಾನ ಬರೆದ ಆನಂದ ಕುಮಾರಸ್ವಾಮಿ 1917ರಿಂದ ಕೂತದ್ದೆಲ್ಲಿ? ಬಾಸ್ಟನ್ನಿನ ವಸ್ತುಸಂಗ್ರಹಾಲಯದಲ್ಲಿ. ಕಲ್ಲು ಅಲ್ಲಿಗೆ ಹೋಗಬಹುದು, ಪಂಡಿತರು ಹೋಗಬಹುದು. ನಾವು ಮಾತ್ರ ಇಲ್ಲೇ ಇರಬೇಕು.

ಬಾಬಾಸಾಹೇಬರನ್ನೇ ನೋಡಿ. 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಕೊಲಂಬಿಯಾಕ್ಕೆ ಹೋದರು. 1915ರಲ್ಲಿ ಎಂ.ಎ.ಗೆ ಬರೆದ ಪ್ರಬಂಧದ ವಿಷಯ ಪ್ರಾಚೀನ ಭಾರತದ ವ್ಯಾಪಾರ. 1916ರಲ್ಲಿ ಅಲ್ಲೇ ಓದಿದ ಲೇಖನ ಭಾರತದ ಜಾತಿಗಳ ಮೇಲೆ. ಎರಡೂ 2022ರ ಸಾಲಿಗೆ ಸಿಕ್ಕಿ ಬೀಳುತ್ತವೆ. ಮಹಾರಾಜ ಕೊಟ್ಟದ್ದನ್ನು ಗಣರಾಜ್ಯ ಕೊಡುವುದಿಲ್ಲ! 1917ರಲ್ಲಿ ನೌಕರಿಗೆ ಅದೇ ಬರೋಡಾಕ್ಕೆ ಬಂದಾಗ ಅವರಿಗೆ ತಂಗಲು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದವರು ಹೊರದಬ್ಬಿದರು. ಆ ಊರಿನ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗವೇ ಇವತ್ತು ಕಲಾ ಇತಿಹಾಸಕ್ಕೆ ದೇಶದಲ್ಲಿ ದೊಡ್ಡ ಹೆಸರು. ಆ ದೊಣ್ಣೆಗಳ ನಂತರದ ಬರೋಡಾದಿಂದಲೇ ಸವಿ ಸಾವರ್ಕರ್ ಅವರಂಥ ದಲಿತ ಕಲಾವಿದರು ಕಲಿತು ಹೊರಬಂದರು ಅನ್ನುವುದನ್ನೂ ಮರೆಯಬಾರದು. ಜೆ.ಎನ್.ಯು.ನಲ್ಲಿ ವೈ. ಎಸ್. ಅಲೋನೆ ಅವರು ಈ ಶಾಸ್ತ್ರದ ಜಾಣ ಕುರುಡಿಗೆ ‘ಕಾಪಿಟ್ಟುಕೊಂಡ ಅಜ್ಞಾನ’ ಅನ್ನುವ ಅರ್ಥದ ಹೆಸರನ್ನೇ ಕೊಟ್ಟರು. ದಾರಿ ಇಲ್ಲ ಅಂತಲ್ಲ. ದಾರಿಯ ತುಂಬ ಮುಳ್ಳು ಹಾಕಿದವರು ಯಾರು ಅಂತ ನಾವು ಕೇಳುತ್ತಿದ್ದೇವೆ.

ಅರ್ಜಿ ಹಾಕುವ ತಮ್ಮಂದಿರೇ, ತಂಗಿಯರೇ, ವಿಷಯ ಬದಲಿಸಬೇಡಿ. ಉದ್ದೇಶ ಪತ್ರದಲ್ಲಿ ಹಲಗೆಯ ಬಗ್ಗೆ, ಮೆಟ್ಟಿನ ಬಗ್ಗೆ, ಗೊಂಬೆಯ ಬಗ್ಗೆ ಬರೆಯಿರಿ. ವೋಲ್ಫ್ಲಿನ್ನನ ಹೆಸರು ಎರಡನೆಯ ಪುಟದಲ್ಲಿ ಬಂದರೆ ಸಾಕು. ಶಿಫಾರಸು ಪತ್ರಕ್ಕೆ ಕೊನೆಯ ವಾರ ಓಡಬೇಡಿ, ಬಿ.ಎ. ಎರಡನೆಯ ವರ್ಷದಿಂದಲೇ ಒಬ್ಬ ಮೇಷ್ಟರಿಗೆ ನಿಮ್ಮ ಬರಹ ತೋರಿಸುತ್ತ ಬನ್ನಿ. ವಿಷಯ ಕಲೆಯಲ್ಲ ಅಂತ ತಿರಸ್ಕರಿಸಿದರೆ ಆ ಮಾತನ್ನು ಬರೆದು ಕೊಡಿ ಅಂತ ಕೇಳಿ. ಬಾಯಲ್ಲಿ ಅಂದಷ್ಟು ಸಲೀಸಾಗಿ ಕಾಗದದ ಮೇಲೆ ಅನ್ನುವುದಿಲ್ಲ. ಇಂಗ್ಲಿಷು ತೊಡರಿದರೆ ಕನ್ನಡದಲ್ಲೇ ಬರೆದು ಈ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ತಿದ್ದಿಕೊಡಲು, ಇಂಗ್ಲಿಷಿಗೆ ಇಳಿಸಿಕೊಡಲು ನಾವು ನಾಲ್ಕು ಜನ ಇದ್ದೇವೆ. ಅಂಚೆ ಖರ್ಚು ನಮ್ಮದು.